ಮೋಸಗಾರ ಪಾರುಪತ್ಯಗಾರನನ್ನು ಯಜಮಾನ ಹೊಗಳಿದ್ದೇಕೆ?

ಪ್ರಶ್ನೆ: ಹೈಸ್ಕೂಲು ಮಕ್ಕಳಿಗೆ ಸಂಡೇ ಸ್ಕೂಲ್ ಪಾಠ ಮಾಡುತ್ತೇನೆ. ಲೂಕನ ಸುವಾರ್ತೆಯ 16ನೇ ಅಧ್ಯಾಯದಲ್ಲಿರುವ ಅನ್ಯಾಯಗಾರ ಮನೆವಾರ್ತೆಯವನ (ಪಾರುಪತ್ಯಗಾರನ) ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತಕಥೆ, ಓದಿಸಿದಾಗ ಒಬ್ಬ ಹುಡುಗ, ‘ಹಾಗಾದರೆ ಲೆಕ್ಕ ತಿದ್ದಿದವನನ್ನೂ ದೇವರು ಮೆಚ್ಚುತ್ತಾನಾ?’ ಎಂದು ಕೇಳಿದ. ಏನು ಹೇಳಬೇಕೋ ತೋಚಲಿಲ್ಲ. ಸಾಮ್ಯಗಳಲ್ಲಿ ಯಜಮಾನ ಬಂದರೆ ಅವನು ದೇವರು ಎಂದೇ ನಾವು ಕಲಿತದ್ದು. ಹೀಗೆ ಒಂದೊಂದು ಪಾತ್ರಕ್ಕೂ ಒಂದೊಂದು ಅರ್ಥ ಹಚ್ಚುವುದು ತಪ್ಪು ಎಂದು ವಿದ್ವಾಂಸರು ಹೇಳುತ್ತಾರಂತೆ. ಹಾಗಿದ್ದರೆ ಸಾಮ್ಯವನ್ನು ಓದಬೇಕಾದ ರೀತಿ ಯಾವುದು?

ಉತ್ತರ: ಆ ಹುಡುಗನಿಗೆ ಕೊಡಬಹುದಾದ ನೇರ ಉತ್ತರ ಇಷ್ಟು. ಈ ಕಥೆಯ ಯಜಮಾನ ದೇವರಲ್ಲ. ಅವನು ಮೆಚ್ಚಿದ್ದು ಮೋಸವನ್ನಲ್ಲ, ಸಮಯ ನೋಡಿ ಬುದ್ಧಿ ಓಡಿಸಿದ್ದನ್ನು. ಇನ್ನು, ಈ ಕಥೆ ಕೇಳಿದವರಿಗೆ ಇರಿಸುಮುರಿಸಾಗುತ್ತದೆ ಎಂಬುದು ಲೂಕನಿಗೇ ಚೆನ್ನಾಗಿ ಗೊತ್ತಿತ್ತು. ಕಥೆ ಮುಗಿದ ಮೇಲೆ 13ನೇ ವಚನದವರೆಗೆ ಬರುವ ಮಾತುಗಳೆಲ್ಲ, ನಿಮ್ಮ ವಿದ್ಯಾರ್ಥಿಯಂತೆಯೇ ಹುಬ್ಬೇರಿಸಿದ ಮೊದಲ ತಲೆಮಾರಿನ ಕೇಳುಗರಿಗೆ ಕೊಟ್ಟ ಉತ್ತರಗಳು. ಆದ್ದರಿಂದ ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ‘ಇದರ ಅರ್ಥವೇನು’ ಎಂಬುದಲ್ಲ, ‘ಕಥೆ ಎಲ್ಲಿ ಮುಗಿಯಿತು’ ಎಂಬುದು.

ಕಥೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ಒಬ್ಬ ಸಿರಿವಂತನ ಆಸ್ತಿ ನೋಡಿಕೊಳ್ಳಲು ಒಬ್ಬ ಪಾರುಪತ್ಯಗಾರನಿದ್ದ. ಅವನು ಆಸ್ತಿಯನ್ನು ಹಾಳುಮಾಡುತ್ತಿದ್ದಾನೆಂದು ಯಜಮಾನನಿಗೆ ದೂರು ಹೋಯಿತು. ದೂರು ನಿಜವೋ ಚಾಡಿಯೋ ಕಥೆ ಹೇಳುವುದಿಲ್ಲ, ಅವನೂ ವಾದಿಸುವುದಿಲ್ಲ. ಲೆಕ್ಕ ಒಪ್ಪಿಸು, ಇನ್ನು ನಿನಗೆ ಇಲ್ಲಿ ಕೆಲಸವಿಲ್ಲ ಎಂದಾಯಿತು. ‘ಏನು ಮಾಡಲಿ? ಅಗೆಯುವ ಶಕ್ತಿಯಿಲ್ಲ, ಭಿಕ್ಷೆ ಬೇಡಲು ನಾಚಿಕೆ’ ಎಂದು ಅವನು ತನ್ನೊಳಗೇ ಮಾತಾಡಿಕೊಂಡು ಒಂದು ಉಪಾಯ ಹೂಡಿದ. ಯಜಮಾನನ ಸಾಲಗಾರರನ್ನು ಒಬ್ಬೊಬ್ಬರನ್ನಾಗಿ ಕರೆದ. 100 ಬತ್ (ಬತ್, ಕೋರ್ ಅಂದಿನ ಅಳತೆಗಳು) ಎಣ್ಣೆ ಬಾಕಿ ಇದ್ದವನಿಗೆ ‘ನಿನ್ನ ಪತ್ರ ತೆಗೆದುಕೊ, ಬೇಗ ಕೂತು 50 ಎಂದು ಬರೆ’ ಎಂದ. 100 ಕೋರ್ ಗೋಧಿ ಬಾಕಿ ಇದ್ದವನಿಗೆ 80 ಎಂದು ಬರೆಯಲು ಹೇಳಿದ. ಯಜಮಾನ ಅವನನ್ನು ಹೊಗಳಿದ.

ಈಗ ಜೋಡಣೆ ನೋಡಿ. 8ನೇ ವಚನದ ಮೊದಲರ್ಧದಲ್ಲಿ ಹೊಗಳಿಕೆ ಇದೆ. ಎರಡನೇ ಅರ್ಧದಲ್ಲಿ, ಈ ಲೋಕದ ಮಕ್ಕಳು ತಮ್ಮ ವ್ಯವಹಾರದಲ್ಲಿ ಬೆಳಕಿನ ಮಕ್ಕಳಿಗಿಂತ ಜಾಣರು ಎಂಬ ಮಾತು. ಇದು ಯಜಮಾನನ ಬಾಯಲ್ಲಿ ಬರುವ ಮಾತಲ್ಲ. ‘ಬೆಳಕಿನ ಮಕ್ಕಳು’ ಎಂಬುದು ಅಂದಿನ ಯೆಹೂದಿ ಧಾರ್ಮಿಕ ಪಂಗಡಗಳ ಪರಿಭಾಷೆ. 1947ರಿಂದ ಮೃತ ಸಮುದ್ರದ ದಂಡೆಯಲ್ಲಿ ಸಿಕ್ಕ ಕುಮ್ರಾನ್ ಸುರುಳಿಗಳಲ್ಲಿ ಆ ಪಂಗಡದವರು ತಮ್ಮನ್ನು ಹಾಗೆಯೇ ಕರೆದುಕೊಂಡಿದ್ದಾರೆ. 9ನೇ ವಚನದಲ್ಲಿ ‘ನಾನು ನಿಮಗೆ ಹೇಳುತ್ತೇನೆ’ ಎಂದು ದನಿ ಬದಲಾಗುತ್ತದೆ: ಅನ್ಯಾಯದ ಹಣದಿಂದ ಗೆಳೆಯರನ್ನು ಸಂಪಾದಿಸಿಕೊಳ್ಳಿ, ಅದು ಇಲ್ಲವಾದಾಗ ಅವರು ನಿಮ್ಮನ್ನು ನಿತ್ಯ ಬಿಡಾರಗಳಿಗೆ ಬರಮಾಡಿಕೊಳ್ಳಲಿ. 10ರಿಂದ 12ರವರೆಗೆ, ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲೂ ನಂಬಿಗಸ್ತ ಎಂಬ ಮಾತು. 13ರಲ್ಲಿ, ಯಾರೂ ಇಬ್ಬರು ಯಜಮಾನರಿಗೆ ಸೇವೆ ಮಾಡಲಾರರು.

ಈ ಕೊನೆಯ ಮಾತು ಮತ್ತಾಯ 6:24ರಲ್ಲೂ ಇದೆ. ಅಲ್ಲಿ ಅದು ಬೆಟ್ಟದ ಪ್ರಸಂಗದ ಭಾಗ. ಗ್ರೀಕ್ ಮೂಲದಲ್ಲಿ ಎರಡೂ ಹೆಚ್ಚುಕಡಿಮೆ ಅಕ್ಷರಶಃ ಒಂದೇ. ಲೂಕನಲ್ಲಿ ‘ಮನೆಯಾಳು’ ಎಂಬ ಒಂದು ಪದ ಮಾತ್ರ ಹೆಚ್ಚು. ಅಂದರೆ ಆ ಮಾತು ಮೊದಲು ಬಿಡಿಯಾಗಿಯೇ ಓಡಾಡುತ್ತಿತ್ತು, ಲೂಕ ಅದನ್ನು ತಂದು ಈ ಕಥೆಯ ಬಾಲಕ್ಕೆ ಸೇರಿಸಿದ. ಸೇರಿಸಲು ಕೊಂಡಿ ಯಾವುದು? ‘ಮಾಮೋನ್’, ಅಂದರೆ ಹಣ. ಆ ಪದ 9, 11, 13ನೇ ವಚನಗಳಲ್ಲಿ ಬರುತ್ತದೆ. ‘ಅನ್ಯಾಯ’ 8ರಿಂದ 11ರವರೆಗೆ ಒಂದರ ಹಿಂದೊಂದು. ಇನ್ನು 4ನೇ ವಚನದಲ್ಲಿ ಪಾರುಪತ್ಯಗಾರ ‘ಅವರು ನನ್ನನ್ನು ತಮ್ಮ ಮನೆಗಳಿಗೆ ಬರಮಾಡಿಕೊಳ್ಳುವಂತೆ’ ಎನ್ನುತ್ತಾನೆ. 9ನೇ ವಚನ ಅದೇ ಕ್ರಿಯಾಪದವನ್ನು ಎತ್ತಿಕೊಂಡು ‘ಮನೆ’ಯ ಜಾಗದಲ್ಲಿ ‘ನಿತ್ಯ ಬಿಡಾರ’ ಇಡುತ್ತದೆ. ಬಾಯಿಂದ ಬಾಯಿಗೆ ಸಾಗುವ ಪರಂಪರೆಯಲ್ಲಿ ಹೀಗೆ ಪದ ಹಿಡಿದು ಪದ ಪೋಣಿಸುವುದು ನೆನಪಿಟ್ಟುಕೊಳ್ಳುವವರ ಹಳೆಯ ಉಪಾಯ. ಬ್ರಿಟಿಷ್ ವಿದ್ವಾಂಸ ಸಿ. ಎಚ್. ಡಾಡ್ 1935ರಲ್ಲೇ ಇದನ್ನು ಗುರುತಿಸಿ, ಇಲ್ಲಿ ಒಂದೇ ಕಥೆಯ ಮೇಲೆ ಮಾಡಿದ ಮೂರು ಬೇರೆ ಬೇರೆ ಪ್ರಸಂಗಗಳ ಟಿಪ್ಪಣಿಗಳೇ ಕಾಣುತ್ತವೆ ಎಂಬ ಅರ್ಥದ ಮಾತು ಹೇಳಿದ್ದರು. ಅದನ್ನು ಮೀರಿಸುವ ವಿವರಣೆ ನನಗಂತೂ ಕಂಡಿಲ್ಲ.

ಹಾಗಾದರೆ ಕಥೆ ಎಲ್ಲಿಗೆ ನಿಲ್ಲುತ್ತದೆ? 7ನೇ ವಚನಕ್ಕೆ ಎನ್ನುವವರಿದ್ದಾರೆ, 8ರ ನಡುವಿಗೆ ಎನ್ನುವವರಿದ್ದಾರೆ. ಜಗಳವೆಲ್ಲ 8ನೇ ವಚನದ ‘ಕ್ಯೂರಿಯೋಸ್’ ಎಂಬ ಗ್ರೀಕ್ ಪದದ್ದು. ಅದಕ್ಕೆ ಧಣಿ ಎಂದೂ ಅರ್ಥ, ಪ್ರಭು ಯೇಸು ಎಂದೂ ಅರ್ಥ. ಕನ್ನಡದಲ್ಲಿ ‘ಯಜಮಾನ’ ಎಂದು ಓದಿದಾಗ ಈ ಅನುಮಾನವೇ ಹುಟ್ಟುವುದಿಲ್ಲ. ಹೊಗಳಿದವನು ಯೇಸು ಎಂದು ವಾದಿಸಿದವರಲ್ಲಿ ಜರ್ಮನ್ ವಿದ್ವಾಂಸ ಯೋವಾಖಿಮ್ ಯೆರೆಮಿಯಾಸ್ ಮುಖ್ಯರು. ಅವರ ಆಧಾರ ಲೂಕ 18:6. ಅಲ್ಲಿ ಅನ್ಯಾಯಗಾರ ನ್ಯಾಯಾಧೀಶನ ಕಥೆ ಮುಗಿದ ಕೂಡಲೇ ‘ಕ್ಯೂರಿಯೋಸ್ ಹೇಳಿದನು’ ಎಂದು ಬರುತ್ತದೆ, ಅಲ್ಲಿ ಅದು ಯೇಸುವೇ. ಆದರೆ ಇಲ್ಲಿ 3 ಮತ್ತು 5ನೇ ವಚನಗಳಲ್ಲಿ ಅದೇ ಪದ ಆಗಲೇ ಧಣಿಯನ್ನು ಸೂಚಿಸಿಬಿಟ್ಟಿದೆ. 9ರಲ್ಲಿ ‘ನಾನು ನಿಮಗೆ ಹೇಳುತ್ತೇನೆ’ ಎಂದು ಬರುವುದೂ ಅದಕ್ಕೆ ಮುಂಚೆ ಮಾತಾಡುತ್ತಿದ್ದವನು ಬೇರೆ ಎಂಬುದನ್ನೇ ತೋರಿಸುತ್ತದೆ. ಹೆಚ್ಚಿನ ವ್ಯಾಖ್ಯಾನಕಾರರು ಈಗ ಧಣಿ ಎಂದೇ ಓದುತ್ತಾರೆ. ನನ್ನ ಮತವೂ ಅದೇ. ಧಣಿಯ ಪ್ರತಿಕ್ರಿಯೆ ಇಲ್ಲದೆ ಕಥೆ 7ಕ್ಕೆ ನಿಂತರೆ, ಲೆಕ್ಕ ಕೇಳಿದವನು ಏನಾದ ಎಂಬುದು ಬಾಕಿ ಉಳಿಯುತ್ತದೆ.

ಹೊಗಳಿಕೆಯ ಪದವನ್ನೂ ಹತ್ತಿರದಿಂದ ನೋಡಬೇಕು. ಅವನು ‘ಫ್ರೊನಿಮೋಸ್’ ಆಗಿ, ಅಂದರೆ ಚಾಣಾಕ್ಷನಾಗಿ ನಡೆದ ಎಂದು ಹೊಗಳಿಕೆ. ಬಂಡೆಯ ಮೇಲೆ ಮನೆ ಕಟ್ಟಿದವನಿಗೂ, ದೀಪಕ್ಕೆ ಎಣ್ಣೆ ತಂದ ಐವರು ಕನ್ಯೆಯರಿಗೂ ಮತ್ತಾಯ ಬಳಸುವ ಪದ ಅದೇ. ಮುಂದೆ ಬರುವುದನ್ನು ಮೊದಲೇ ಕಂಡು ಸಿದ್ಧವಾಗುವ ಗುಣ ಅದು. ಒಳ್ಳೆಯತನಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಲೂಕ 12:42ರಲ್ಲಿ ಆದರ್ಶ ಮನೆವಾರ್ತೆಯವನನ್ನು ‘ನಂಬಿಗಸ್ತನೂ ಜಾಣನೂ’ ಎಂದು ಎರಡು ವಿಶೇಷಣ ಹಾಕಿ ಕರೆದಿದೆ. 16ನೇ ಅಧ್ಯಾಯದಲ್ಲಿ ಆ ಜೋಡಿಯನ್ನು ಬೇರ್ಪಡಿಸಲಾಗಿದೆ. ಜಾಣತನ 8ನೇ ವಚನದಲ್ಲಿ ಈ ಮನುಷ್ಯನಿಗೆ ಸಿಕ್ಕಿತು. ನಂಬಿಗಸ್ತಿಕೆ 10ರಿಂದ 12ರವರೆಗೆ ಬರುತ್ತದೆ, ಅವನಲ್ಲಿ ಇಲ್ಲದ್ದೆಂಬಂತೆ. ಅರ್ಧ ಹೊಗಳಿ ಉಳಿದರ್ಧವನ್ನು ತಿದ್ದುವ ಈ ಕ್ರಮ ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ.

ಇನ್ನು ಲೆಕ್ಕ. ಸಾಮ್ಯ ಓದುವವರು ಸಾಮಾನ್ಯವಾಗಿ ಅಂಕಿಗಳನ್ನು ಹಾರಿಸಿಬಿಡುತ್ತಾರೆ, ಅದು ದೊಡ್ಡ ನಷ್ಟ. ಯೆಹೂದಿ ಇತಿಹಾಸಕಾರ ಯೋಸೇಫನ ಅಳತೆ ಹಿಡಿದರೆ ಒಂದು ಬತ್ ಎಂದರೆ ಸುಮಾರು 39 ಲೀಟರ್. ಅಗೆತಗಳಲ್ಲಿ ಸಿಕ್ಕ ಅಳತೆಯ ಜಾಡಿಗಳ ಮೇಲಿಂದ ಲೆಕ್ಕ ಹಾಕುವವರು ಸುಮಾರು 22 ಲೀಟರ್ ಎನ್ನುತ್ತಾರೆ. ಅಂದರೆ 100 ಬತ್ ಎಂದರೆ 2,200ರಿಂದ 3,900 ಲೀಟರ್ ಎಣ್ಣೆ. ಕೋರ್ ಎಂಬುದು ಅದರ ಹತ್ತರಷ್ಟು. 100 ಕೋರ್ ಗೋಧಿ ಕಡಿಮೆಯೆಂದರೂ 170 ಕ್ವಿಂಟಲ್, ದೊಡ್ಡ ಅಳತೆಯಲ್ಲಿ 300 ಕ್ವಿಂಟಲ್. ದೊಡ್ಡ ಅಳತೆ ಹಿಡಿದ ಯೆರೆಮಿಯಾಸ್ ಪ್ರಕಾರ ಇದು ಸುಮಾರು 150 ಎಣ್ಣೆಮರಗಳ (ಆಲಿವ್ ಮರಗಳ) ಫಸಲು, ನೂರಕ್ಕೂ ಹೆಚ್ಚು ಎಕರೆಯ ಗೋಧಿ. ಹೀಗಾಗಿ ಈ ಸಾಲಗಾರರು ಪಕ್ಕದ ಮನೆಯಿಂದ ಕಡ ತಂದ ಬಡವರಲ್ಲ. ದೊಡ್ಡ ಗೇಣಿದಾರರು, ಇಲ್ಲವೇ ಸಗಟು ವ್ಯಾಪಾರಿಗಳು.

ಒಬ್ಬನಿಗೆ 50, ಇನ್ನೊಬ್ಬನಿಗೆ 20 ಮಾತ್ರ ಬಿಟ್ಟದ್ದು ಪಕ್ಷಪಾತದಂತೆ ಕಾಣುತ್ತದೆ. ಆದರೆ ಗೋಧಿಗಿಂತ ಎಣ್ಣೆ ಬಹಳ ತುಟ್ಟಿ. ಬೆಲೆಗೆ ಇಳಿಸಿದರೆ ಎರಡೂ ಹತ್ತಿರಹತ್ತಿರ 500 ದಿನಾರಿ ಎಂಬುದು ಅದೇ ಯೆರೆಮಿಯಾಸ್ ಅವರ ಲೆಕ್ಕ. ಮತ್ತಾಯ 20ರ ದ್ರಾಕ್ಷಿತೋಟದ ಸಾಮ್ಯದಲ್ಲಿ ಒಂದು ದಿನದ ಕೂಲಿ ಒಂದು ದಿನಾರಿ. ಅಂದರೆ ಒಬ್ಬೊಬ್ಬನಿಗೂ 500 ದಿನದ ಕೂಲಿಯಷ್ಟು ಉಳಿತಾಯ. ಇಷ್ಟು ಉಪಕಾರ ಪಡೆದವನು, ಕೆಲಸ ಕಳೆದುಕೊಂಡು ಬಂದ ಪಾರುಪತ್ಯಗಾರನಿಗೆ ಬಾಗಿಲು ಮುಚ್ಚುವ ಹಾಗಿಲ್ಲ. ಸಾಲಗಾರನಿಂದಲೇ ಬರೆಸುವುದರಲ್ಲೂ ಯುಕ್ತಿಯಿದೆ. ಸಾಲಪತ್ರವನ್ನು ಸಾಲ ಪಡೆದವನು ತನ್ನ ಕೈಯಾರೆ ಬರೆದುಕೊಡುವ ಪದ್ಧತಿ ಇದ್ದುದರಿಂದ ಬರಹ ಅವನದೇ ಇರುತ್ತದೆ, ತಿದ್ದಿದ್ದು ತಿಳಿಯುವುದಿಲ್ಲ. ಜೊತೆಗೆ ಬರೆದವನೂ ಪಾಲುಗಾರನಾದ, ನಾಳೆ ಬಾಯಿ ಬಿಡಲಾರ. ‘ಬೇಗ ಕೂತು’ ಎಂಬ ಅವಸರ ಏಕೆಂದರೆ ಕೆಲಸ ಹೋದ ಸುದ್ದಿ ಊರಿಗೆ ತಿಳಿಯುವ ಮೊದಲು, ಲೆಕ್ಕದ ಪತ್ರಗಳು ಕೈಯಲ್ಲಿರುವಾಗಲೇ ಕೆಲಸ ಮುಗಿಯಬೇಕು.

ಕಥೆಯ ನಾಯಕನನ್ನು ಸಜ್ಜನನನ್ನಾಗಿ ಮಾಡಲು ವಿದ್ವಾಂಸರು ಪಟ್ಟ ಪಾಡೂ ತಿಳಿದಿರಲಿ, ಏಕೆಂದರೆ ಪ್ರಸಂಗಗಳಲ್ಲಿ ಇವು ಸಿದ್ಧ ಸತ್ಯಗಳಂತೆ ಕೇಳಿಬರುತ್ತವೆ. 1961ರಲ್ಲಿ ಜೆ. ಡಂಕನ್ ಎಂ. ಡೆರೆಟ್ ಒಂದು ವಿವರಣೆ ಕೊಟ್ಟರು. ಕನ್ನಡಿಗರಿಗೆ ಈ ಹೆಸರು ಬೇರೆ ಕಾರಣಕ್ಕೆ ಪರಿಚಿತವಿರಬಹುದು; ಹೊಯ್ಸಳರ ಚರಿತ್ರೆಯನ್ನು 1957ರಲ್ಲಿ ಪ್ರಕಟಿಸಿದ, ಲಂಡನ್ನಿನಲ್ಲಿ ಹಿಂದೂ ಕಾನೂನು ಬೋಧಿಸುತ್ತಿದ್ದ ಅದೇ ಡೆರೆಟ್ ಇವರು. ಅವರ ವಾದ ಹೀಗೆ: ಯೆಹೂದಿ ಧರ್ಮಶಾಸ್ತ್ರ ಸ್ವಜನರಿಂದ ಬಡ್ಡಿ ತೆಗೆದುಕೊಳ್ಳುವುದನ್ನು ನಿಷೇಧಿಸಿತ್ತು (ವಿಮೋಚನಕಾಂಡ 22:25, ಯಾಜಕಕಾಂಡ 25:36, ಧರ್ಮೋಪದೇಶಕಾಂಡ 23:19). ಅದನ್ನು ತಪ್ಪಿಸಲು ಬಡ್ಡಿಯನ್ನೂ ಅಸಲಿಗೇ ಸೇರಿಸಿ ಪತ್ರ ಬರೆಸುತ್ತಿದ್ದರು. ಪಾರುಪತ್ಯಗಾರ ಹೊಡೆದುಹಾಕಿದ್ದು ಆ ಗುಪ್ತ ಬಡ್ಡಿಯನ್ನು. ಯಜಮಾನ ಅದನ್ನು ವಿರೋಧಿಸಿದರೆ ತಾನೇ ಬಡ್ಡಿಕೋರ ಎಂದು ಒಪ್ಪಿಕೊಂಡಂತೆ. ಸುಮ್ಮನಿದ್ದರೆ ಧರ್ಮಾತ್ಮನೆಂಬ ಹೆಸರು. ಅದಕ್ಕೇ ಹೊಗಳಿದ.

ಚೆನ್ನಾಗಿದೆ, ಆದರೆ ಈ ಲೆಕ್ಕದಲ್ಲಿ ಎಣ್ಣೆಗೆ ನೂರಕ್ಕೆ ನೂರು ಬಡ್ಡಿ, ಗೋಧಿಗೆ ನೂರಕ್ಕೆ 25 ಬಡ್ಡಿ ಬೀಳುತ್ತದೆ. ವಸ್ತುವಿಗೆ ತಕ್ಕಂತೆ ಬಡ್ಡಿಯ ದರ ಬದಲಾಗುವುದು ಹೊಸದೇನಲ್ಲ, ನಮ್ಮ ಧರ್ಮಶಾಸ್ತ್ರಗಳಲ್ಲೂ ಹಣಕ್ಕೊಂದು ಮಿತಿ, ಧಾನ್ಯಕ್ಕೊಂದು ಮಿತಿ ಇದೆ. ತೊಂದರೆ ಬೇರೆ. ಪಠ್ಯದಲ್ಲಿ ಬಡ್ಡಿಯ ಸೊಲ್ಲೇ ಇಲ್ಲ. ಯೂದಾಯದ ಮರಳುಗಾಡಿನ ವಾದಿ ಮುರಬ್ಬಾತ್‌ನಲ್ಲಿ ಸಿಕ್ಕ, ನೀರೋ ಚಕ್ರವರ್ತಿಯ 2ನೇ ವರ್ಷದ (ಕ್ರಿ.ಶ. 55-56) ಒಂದು ಅರಮಾಯಿಕ್ ಸಾಲಪತ್ರದಲ್ಲಿ, 20 ಜೂಜ್ (ಅಂದಿನ ಬೆಳ್ಳಿ ನಾಣ್ಯ) ಸಾಲವನ್ನು ಗಡುವಿಗೆ ತೀರಿಸದಿದ್ದರೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕೆಂದು ರಾಜಾರೋಷವಾಗಿಯೇ ಬರೆದಿದೆ. ಹೆಚ್ಚುವರಿ ಮೊತ್ತವನ್ನು ಹೀಗೆ ಬಹಿರಂಗವಾಗಿ ಬರೆಯುವ ರೂಢಿಯೂ ಇದ್ದಾಗ, ಅಡಗಿಸಿಟ್ಟ ಬಡ್ಡಿಯ ಮೇಲೇ ಇಡೀ ಕಥೆಯನ್ನು ನಿಲ್ಲಿಸುವುದು ಕಷ್ಟ.

ಅಮೆರಿಕದ ಯೇಸುಸಭೆಯ ವಿದ್ವಾಂಸ ಜೋಸೆಫ್ ಫಿಟ್ಜ್‌ಮೈಯರ್ 1964ರಲ್ಲಿ ಇದನ್ನು ಸ್ವಲ್ಪ ತಿರುಗಿಸಿ, ಬಿಟ್ಟುಕೊಟ್ಟದ್ದು ಪಾರುಪತ್ಯಗಾರನ ಸ್ವಂತ ಕಮಿಷನ್ ಎಂದರು. ಹಾಗಿದ್ದರೆ ಯಾರಿಗೂ ನಷ್ಟವಿಲ್ಲ, ಮೋಸವೂ ಇಲ್ಲ. ಆದರೆ 5ನೇ ವಚನದಲ್ಲಿ ಅವನೇ ಕೇಳುವುದು ‘ನನ್ನ ಯಜಮಾನನಿಗೆ ನೀನು ಎಷ್ಟು ಕೊಡಬೇಕು?’ ಎಂದು. ಬಾಕಿ ಪೂರ್ತಿ ಯಜಮಾನನದೇ. ಪಶ್ಚಿಮ ಏಷ್ಯಾದಲ್ಲಿ ಬಹುಕಾಲ ನೆಲೆಸಿದ್ದ ಕೆನೆತ್ ಬೈಲಿ 1976ರಲ್ಲಿ ಮಾನ-ಮರ್ಯಾದೆಯ ದಾರಿ ಹಿಡಿದರು: ಸಾಲ ಇಳಿದದ್ದು ಯಜಮಾನನ ಔದಾರ್ಯದಿಂದ ಎಂದು ಊರೆಲ್ಲ ಕೊಂಡಾಡುತ್ತಿರುವಾಗ ಅದನ್ನು ರದ್ದುಮಾಡಿದರೆ ಅವನ ಮುಖಕ್ಕೇ ಮಸಿ, ಹಾಗಾಗಿ ಸೋಲೊಪ್ಪಿ ಹೊಗಳಿದ. ಮೂರರಲ್ಲಿ ಇದೇ ನನಗೆ ಹೆಚ್ಚು ಹಿಡಿಸುವುದು, ಮನುಷ್ಯಸ್ವಭಾವಕ್ಕೆ ಹತ್ತಿರವಿದೆ. ಆದರೂ ಊರು ಕೊಂಡಾಡಿತು ಎಂಬ ದೃಶ್ಯ ಲೂಕನಲ್ಲಿಲ್ಲ. ಅದನ್ನು ನಾವು ಒಳಗೆ ಬರೆದುಕೊಳ್ಳಬೇಕು.

ಇಂಥ ವಿವರಣೆಗಳು ಎಡವುವುದು ಒಂದೇ ಕಡೆ: ಕಥೆಗಾರ ಬಿಟ್ಟ ಖಾಲಿ ಜಾಗವನ್ನು ಹಿನ್ನೆಲೆಯ ಮಾಹಿತಿಯಿಂದ ತುಂಬಿ, ಆಮೇಲೆ ತುಂಬಿದ್ದನ್ನೇ ಅರ್ಥವೆಂದು ಹೇಳುವುದು. ಮಾಹಿತಿ ನಿಜವಾಗಿದ್ದರೂ ಈ ಅಪಾಯ ತಪ್ಪದು. ಮಾಹಿತಿಯೇ ಕಟ್ಟುಕಥೆಯಾದರಂತೂ ಕೇಳುವುದೇ ಬೇಡ. ಸಿರಿವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂದು ಯೇಸು ಹೇಳಿದ ಮಾತಿದೆಯಲ್ಲ, ಅಲ್ಲಿನ ‘ಸೂಜಿಯ ಕಣ್ಣು’ ಯೆರೂಸಲೇಮಿನ ಒಂದು ಚಿಕ್ಕ ಬಾಗಿಲಿನ ಹೆಸರು, ಒಂಟೆ ಹೊರೆ ಇಳಿಸಿ ಮೊಣಕಾಲೂರಿದರೆ ಒಳಗೆ ಹೋಗಬಹುದಿತ್ತು ಎಂಬ ಮಾತನ್ನು ನೀವೂ ಕೇಳಿರಬಹುದು. 1ನೇ ಶತಮಾನದಲ್ಲಿ ಅಂಥ ಬಾಗಿಲಿತ್ತೆನ್ನಲು ಯಾವ ಆಧಾರವೂ ಇಲ್ಲ. ಒಂಟೆ ಒಂಟೆಯೇ, ಸೂಜಿ ಸೂಜಿಯೇ. ಮಕ್ಕಳಿಗೆ ಅದನ್ನು ಹೇಳಿಕೊಡಬೇಡಿ.

ಈಗ ನಿಮ್ಮ ಎರಡನೇ ಪ್ರಶ್ನೆ, ಪಾತ್ರಕ್ಕೊಂದು ಅರ್ಥ ಹಚ್ಚುವುದು. ಇದರ ಅತಿರೇಕಕ್ಕೆ ಎಲ್ಲರೂ ಕೊಡುವ ಉದಾಹರಣೆ ಒಳ್ಳೆಯ ಸಮಾರ್ಯದವನ ಕಥೆಗೆ ಸಂತ ಆಗಸ್ಟೀನ್ ಮಾಡಿದ ವ್ಯಾಖ್ಯಾನ. ಏಟು ತಿಂದು ಬಿದ್ದವನು ಆದಾಮ. ಯೆರೂಸಲೇಮ್ ಸ್ವರ್ಗೀಯ ನಗರ. ಯೆರಿಕೋ ಎಂದರೆ ಚಂದ್ರ, ಕ್ಷಯಿಸುವ ನಮ್ಮ ಮರ್ತ್ಯಸ್ಥಿತಿ. ಕಳ್ಳರು ಸೈತಾನ ಮತ್ತು ಅವನ ದೂತರು. ಸಮಾರ್ಯದವನು ಕ್ರಿಸ್ತ, ಅವನ ಸವಾರಿಯ ಪ್ರಾಣಿ ಕ್ರಿಸ್ತನ ದೇಹ, ಛತ್ರವೇ ಸಭೆ, ಛತ್ರದವನು ಪೌಲ. ಎಲ್ಲವೂ ಹೊಂದುತ್ತದೆ, ಆದರೆ ‘ನನ್ನ ನೆರೆಯವನು ಯಾರು?’ ಎಂದು ಕೇಳಿದ ಧರ್ಮೋಪದೇಶಕನಿಗೆ ಇದರಲ್ಲಿ ಉತ್ತರವಿಲ್ಲ. ವಿಧಾನ ತಪ್ಪಿತೆಂದು ತಿಳಿಯಲು ಒಳ್ಳೆಯ ಒರೆಗಲ್ಲು ಇದು: ಕಥೆ ಹುಟ್ಟಿದ್ದು ಯಾವ ಪ್ರಶ್ನೆಗೋ ಆ ಪ್ರಶ್ನೆ ವ್ಯಾಖ್ಯಾನದಲ್ಲಿ ಮಾಯವಾದರೆ ಎಲ್ಲೋ ದಾರಿ ಬಿಟ್ಟಿದ್ದೇವೆ.

1888ರಲ್ಲಿ ಜರ್ಮನಿಯ ಅಡಾಲ್ಫ್ ಯೂಲಿಖರ್ ಈ ಸಂಪ್ರದಾಯವನ್ನು ಬುಡಸಮೇತ ಕಿತ್ತುಹಾಕಿದರು. ಯೇಸುವಿನ ಸಾಮ್ಯ ರೂಪಕಮಾಲೆಯಲ್ಲ, ಒಂದೇ ಹೋಲಿಕೆಯ ಬಿಂದು ಇರುವ ಉಪಮೆ. ಉಳಿದದ್ದೆಲ್ಲ ಅಲಂಕಾರ ಎಂದರು. ನೀವು ಎಲ್ಲೋ ಓದಿದ ಮಾತಿನ ಮೂಲ ಬಹುಶಃ ಇದೇ. ಆದರೆ ಯೂಲಿಖರ್ ಹಿಡಿದ ಅಳತೆಗೋಲು ಅರಿಸ್ಟಾಟಲನ ಅಲಂಕಾರಶಾಸ್ತ್ರದ್ದು. ಯೇಸು ಹುಟ್ಟಿ ಬೆಳೆದ ಪರಂಪರೆಯ ‘ಮಾಶಾಲ್’ ಎಂಬ ಪ್ರಕಾರ ಅಷ್ಟು ಮಡಿವಂತಿಕೆಯದಲ್ಲ. ಗಾದೆ, ಒಗಟು, ಉಪಮೆ, ರೂಪಕಕಥೆ ಎಲ್ಲವೂ ಆ ಒಂದೇ ಹೆಸರಿನಡಿ ಬರುತ್ತವೆ. ದಾವೀದನ ಮುಂದೆ ಪ್ರವಾದಿ ನಾತಾನ ಹೇಳಿದ ಬಡವನ ಕುರಿಮರಿಯ ಕಥೆಯಲ್ಲಿ (2 ಸಮುವೇಲ 12) ಸಿರಿವಂತನೆಂದರೆ ದಾವೀದ, ಅವನು ಕಸಿದುಕೊಂಡ ಕುರಿಮರಿ ಪರರ ಹೆಂಡತಿ ಬತ್ಷೆಬೆ. ಅದನ್ನು ಯಾರೂ ಅಲ್ಲಗಳೆಯಲಾರರು.

ಹಾಗೆಯೇ ಮಾರ್ಕ 12ರ ದುಷ್ಟ ಗೇಣಿದಾರರ ಸಾಮ್ಯ, ಪಾಲು ಕೇಳಲು ಬಂದ ಆಳುಗಳನ್ನು ಬಡಿದು, ಕೊನೆಗೆ ತೋಟದ ಒಡೆಯನ ಮಗನನ್ನೇ ಕೊಂದವರ ಕಥೆ. ಬೇಲಿ, ದ್ರಾಕ್ಷಿ ತುಳಿಯುವ ತೊಟ್ಟಿ, ಕಾವಲು ಗೋಪುರ, ಇವೆಲ್ಲ ಯೆಶಾಯ 5ರ ದ್ರಾಕ್ಷಿತೋಟದ ಹಾಡಿನಿಂದ ಬಂದವು. ಅಲ್ಲಿ ತೋಟವೆಂದರೆ ಇಸ್ರಾಯೇಲ್ ಎಂದು ಪ್ರವಾದಿಯೇ ಹೇಳಿದ್ದಾನೆ. ರೂಪಕವನ್ನು ಸುಲಿದರೆ ಆ ಕಥೆಯೇ ಉಳಿಯುವುದಿಲ್ಲ. ಉಳಿಯುತ್ತದೆ ಎನ್ನುವವರೂ ಇದ್ದಾರೆ, ಅವರ ಸಾಕ್ಷಿ 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ, ಬೈಬಲಿನಲ್ಲಿ ಸೇರದ ತೋಮನ ಸುವಾರ್ತೆ. ಅದರ 114 ಉಕ್ತಿಗಳಲ್ಲಿ 65ನೆಯದು ಇದೇ ಕಥೆ, ಯೆಶಾಯನ ಯಾವ ವಿವರವೂ ಇಲ್ಲದೆ. ಟೊರಾಂಟೊದ ಜಾನ್ ಕ್ಲೊಪೆನ್‌ಬೋರ್ಗ್ 2006ರಲ್ಲಿ ಪಪೈರಸ್ ಗೇಣಿ ಕರಾರುಗಳ ದೊಡ್ಡ ರಾಶಿಯನ್ನೇ ಮುಂದಿಟ್ಟು, ತೋಮನ ರೂಪವೇ ಮೂಲಕ್ಕೆ ಹತ್ತಿರ ಎಂದು ವಾದಿಸಿದರು. ಆದರೆ ಲೂಕ 20:9ರಲ್ಲೂ ಬೇಲಿ, ತೊಟ್ಟಿ, ಗೋಪುರ ಇಲ್ಲ. ತೋಮನ ರೂಪ ಲೂಕನಿಂದಲೇ ಇಳಿದದ್ದಾಗಿದ್ದರೆ ಆ ‘ಸರಳತೆ’ ಹಳೆಯದಲ್ಲ, ಕತ್ತರಿಸಿದ್ದರ ಫಲ. ಈ ಚರ್ಚೆ ಮುಗಿದಿಲ್ಲ.

ಆದ್ದರಿಂದ ರೂಪಕ ಬೇಕೋ ಬೇಡವೋ ಎಂಬುದಕ್ಕೆ ಎಲ್ಲ ಸಾಮ್ಯಗಳಿಗೂ ಹೊಂದುವ ಒಂದೇ ನಿಯಮವಿಲ್ಲ. ಪಾತ್ರದ ಹಿಂದೆ ಹಳೆಯ ಒಡಂಬಡಿಕೆಯ ಸ್ಥಿರ ಚಿತ್ರವಿದ್ದರೆ, ಕುರುಬ-ಹಿಂಡು, ತೋಟ, ಮದುವೆಯ ಔತಣ ಇದ್ದಂತೆ, ಕೇಳುಗರು ಅದನ್ನು ಹಿಡಿದೇ ಹಿಡಿಯುತ್ತಿದ್ದರು. ಅಂಥ ಚಿತ್ರವಿಲ್ಲದ ಕಡೆ ನಾವು ತಂದು ಹಚ್ಚಬಾರದು. ಲೆಕ್ಕ ತಿದ್ದಿದ ಪಾರುಪತ್ಯಗಾರನಿಗೂ ಅವನ ಧಣಿಗೂ ಅಂಥ ಹಿನ್ನೆಲೆಯಿಲ್ಲ. ಲೂಕನಲ್ಲಿ ಇಂಥ ಧಣಿಗಳು, ಒರಟರು ಬಂದಾಗ ಕೆಲಸ ಮಾಡುವ ತರ್ಕ ಬೇರೆ. ನಮ್ಮ ಶಾಸ್ತ್ರಕಾರರು ಕೈಮುತಿಕ ನ್ಯಾಯ ಎನ್ನುವುದು, ರಬ್ಬಿಗಳು (ಯೆಹೂದಿ ಧರ್ಮಗುರುಗಳು) ‘ಕಲ್ ವಾಹೋಮೆರ್’ ಎನ್ನುವುದು: ಚಿಕ್ಕದರಲ್ಲೇ ಹೀಗಾದರೆ ದೊಡ್ಡದರಲ್ಲಿ ಹೇಳುವುದೇನಿದೆ ಎಂಬ ತರ್ಕ. ದೇವರಿಗೂ ಹೆದರದ ನ್ಯಾಯಾಧೀಶನೇ ವಿಧವೆಯ ಕಾಟ ತಾಳದೆ ನ್ಯಾಯ ಕೊಟ್ಟ ಮೇಲೆ ದೇವರು ಕೊಡುವುದರ ಬಗ್ಗೆ ಹೇಳುವುದೇನಿದೆ (18:1-8)? ಮಧ್ಯರಾತ್ರಿ ಎದ್ದುಬರಲು ಗೊಣಗುವ ಗೆಳೆಯನೂ ಅಷ್ಟೇ (11:5-8). ಆ ನ್ಯಾಯಾಧೀಶ ದೇವರೆಂದು ಯಾವ ಸಂಡೇ ಸ್ಕೂಲಿನಲ್ಲೂ ಕಲಿಸುವುದಿಲ್ಲ. ಗ್ರೀಕಿನಲ್ಲಿ ‘ಅನ್ಯಾಯದ ನ್ಯಾಯಾಧೀಶ’ ಮತ್ತು ‘ಅನ್ಯಾಯದ ಮನೆವಾರ್ತೆಯವನು’ ಒಂದೇ ಅಚ್ಚಿನ ಪದರಚನೆ. ಹಾಗಾಗಿ ಇಬ್ಬರನ್ನೂ ಒಂದೇ ಕ್ರಮದಲ್ಲಿ ಓದಬೇಕು: ತನ್ನ ಹೊಟ್ಟೆಪಾಡಿಗಾಗಿ ಈ ಠಕ್ಕನೇ ಇಷ್ಟು ಚುರುಕಾದರೆ, ದೇವರ ರಾಜ್ಯ ಬಾಗಿಲಿಗೆ ಬಂದಿದೆ ಎಂದು ನಂಬಿದವರು ಎಷ್ಟು ಚುರುಕಾಗಬೇಡ? 8ರ ಉತ್ತರಾರ್ಧ ಹೇಳುವುದು ಇದನ್ನೇ, ಮತ್ತು ಕಥೆಗೆ ಬಂದ ವ್ಯಾಖ್ಯಾನಗಳಲ್ಲಿ ಮೊದಲನೆಯದು ಅದೇ.

ಇನ್ನೂ ಒಂದು ಮಾತು. ಚುರುಕಾಗಿ ಅವನು ಮಾಡಿದ್ದಾದರೂ ಏನು? ಸಾಲ ಬಿಟ್ಟ. ಸಾಲಮನ್ನಾ ಲೂಕನ ಇಡೀ ಪುಸ್ತಕದಲ್ಲಿ ಹರಿಯುವ ವಿಷಯ: ಮರಳಿ ಬರುವ ಆಸೆಯಿಲ್ಲದೆ ಸಾಲ ಕೊಡಿ (6:35), 500 ಮತ್ತು 50 ದಿನಾರಿಯ ಇಬ್ಬರು ಸಾಲಗಾರರು (7:41), ‘ನಮಗೆ ಸಾಲಗಾರನಾದ ಪ್ರತಿಯೊಬ್ಬನನ್ನೂ ಕ್ಷಮಿಸುತ್ತೇವೆ’ ಎಂಬ ಪ್ರಾರ್ಥನೆ (11:4). ಸ್ವಾರ್ಥಕ್ಕಾಗಿ, ಅದೂ ಬೇರೆಯವರ ಹಣದಲ್ಲಿ, ಈ ಠಕ್ಕ ಮಾಡಿದ್ದನ್ನು ಶಿಷ್ಯರು ಮನಸಾರೆ ಮಾಡಬೇಕಿತ್ತು. 9ನೇ ವಚನದ ‘ಹಣದಿಂದ ಗೆಳೆಯರನ್ನು ಸಂಪಾದಿಸಿ’ ಎಂಬ ಮಾತು ಆಗ ಅಷ್ಟು ವಿಚಿತ್ರವಾಗಿ ಕೇಳುವುದಿಲ್ಲ. ಅದರ ಕೆಳಗೇ, 14ನೇ ವಚನದಲ್ಲಿ, ಹಣದಾಸೆಯ ಫರಿಸಾಯರು ಇದನ್ನೆಲ್ಲ ಕೇಳಿ ಮೂಗು ಮುರಿದರು ಎಂದಿದೆ.

ತರಗತಿಗೆ ಹೀಗೆ ಮಾಡಿ. 16:1-13ನ್ನು ಒಂದು ಹಾಳೆಯಲ್ಲಿ ಟೈಪ್ ಮಾಡಿಸಿ. ವಚನಸಂಖ್ಯೆ, ಉಪಶೀರ್ಷಿಕೆ ಎರಡನ್ನೂ ತೆಗೆಯಿರಿ. ಅಧ್ಯಾಯ ವಿಭಾಗ 13ನೇ ಶತಮಾನದ್ದು, ವಚನಸಂಖ್ಯೆ ಬಂದದ್ದು 1551ರಲ್ಲಿ, ಉಪಶೀರ್ಷಿಕೆ ಪ್ರಕಾಶಕರದು. ‘ಅನ್ಯಾಯಗಾರ’ ಎಂಬ ತಲೆಬರಹ ಓದಿದ ಕೂಡಲೇ ಮಕ್ಕಳು ಅವನನ್ನು ಮೊದಲೇ ತೂಗಿಬಿಡುತ್ತಾರೆ, ಆದರೆ ಕಥೆಯಲ್ಲಿ ಆ ಪದ ಬರುವುದೇ ಕೊನೆಗೆ, ಹೊಗಳುವ ವಾಕ್ಯದಲ್ಲಿ. ಕಥೆ ಮುಗಿಯಿತು ಅನಿಸಿದಲ್ಲಿ ಗೆರೆ ಎಳೆಯಲು ಹೇಳಿ. ಗೆರೆಗಳು ಬೇರೆ ಬೇರೆ ಕಡೆ ಬೀಳುತ್ತವೆ. ಯಾವುದನ್ನೂ ತಪ್ಪೆನ್ನದೆ, ಏಕೆ ಅಲ್ಲಿ ಎಂದು ಕೇಳಿ. ಆಮೇಲೆ ಗೆರೆಯ ಕೆಳಗೆ ಮತ್ತೆ ಮತ್ತೆ ಬರುವ ಪದಗಳಿಗೆ ಸುತ್ತು ಹಾಕಿಸಿ. ಇಲ್ಲೊಂದು ತೊಡಕಿದೆ: ಓದು ಸಲೀಸಾಗಲೆಂದು ಅನುವಾದಕರು ಒಂದೇ ಗ್ರೀಕ್ ಪದಕ್ಕೆ ಎರಡು ಕನ್ನಡ ಪದ ಹಾಕಿರಬಹುದು, ಆಗ ಕೊಂಡಿ ಕಾಣದು. ಎರಡು ಕನ್ನಡ ಅನುವಾದಗಳನ್ನು ಅಕ್ಕಪಕ್ಕ ಇಟ್ಟುಕೊಂಡರೆ ಸಾಕು. ಬೋರ್ಡಿನ ಮೇಲೆ ಬತ್, ಕೋರ್ ಲೆಕ್ಕವನ್ನು ಮಕ್ಕಳೇ ಮಾಡಲಿ. ಅರ್ಥದ ಮಾತು ಕಟ್ಟಕಡೆಗೆ. ಮೊದಲೇ ಎತ್ತಿದರೆ ಉಳಿದ ಹೊತ್ತೆಲ್ಲ ‘ಯಜಮಾನ ಎಂದರೆ ಯಾರು’ ಎಂಬುದರಲ್ಲೇ ಕಳೆಯುತ್ತದೆ.

15ನೇ ಅಧ್ಯಾಯವನ್ನೂ ಜೊತೆಗೇ ಓದಿಸಿ. ಅಲ್ಲಿ ತಂದೆಯ ಮನೆ ಬಿಟ್ಟುಹೋದ ಕಿರಿಯ ಮಗ ಆಸ್ತಿಯನ್ನು ‘ಹಾಳುಮಾಡಿದ’ (15:13), ಪಾರುಪತ್ಯಗಾರ ‘ಹಾಳುಮಾಡುತ್ತಿದ್ದಾನೆ’ (16:1), ಗ್ರೀಕಿನಲ್ಲಿ ಎರಡೂ ಒಂದೇ ಕ್ರಿಯಾಪದ. ಇಬ್ಬರೂ ಬಿಕ್ಕಟ್ಟಿನಲ್ಲಿ ಸಿಕ್ಕಿಕೊಂಡು ತಮ್ಮೊಳಗೇ ಮಾತಾಡಿಕೊಳ್ಳುತ್ತಾರೆ. ಈ ಸ್ವಗತ ಲೂಕನ ಕಥನಕೌಶಲದ ಗುರುತು. ಕಣಜ ಕೆಡವಿ ದೊಡ್ಡದು ಕಟ್ಟಹೊರಟ ಸಿರಿವಂತನಲ್ಲೂ (12:17), ವಿಧವೆಗೆ ಮಣಿದ ನ್ಯಾಯಾಧೀಶನಲ್ಲೂ (18:4) ಅದು ಇದೆ. ಮುಂದಿನ ವಾರಕ್ಕೆ ಒಂದು ಚಿಕ್ಕ ಅಭ್ಯಾಸ ಕೊಡಬಹುದು. ಗೇಣಿದಾರರ ಕಥೆಯಲ್ಲಿ ತೋಟದ ಒಡೆಯ ಮಗನನ್ನು ಕಳಿಸುವ ಗಳಿಗೆಯನ್ನು ಮಾರ್ಕ 12:6 ಮತ್ತು ಲೂಕ 20:13ರಲ್ಲಿ ಹೋಲಿಸಿ ನೋಡಲಿ. ಲೂಕನ ಒಡೆಯ ‘ಏನು ಮಾಡಲಿ?’ ಎಂದು ಕೇಳಿಕೊಳ್ಳುತ್ತಾನೆ, ‘ಒಂದು ವೇಳೆ’ ಅವನಿಗಾದರೂ ಮರ್ಯಾದೆ ಕೊಟ್ಟಾರು ಎನ್ನುತ್ತಾನೆ. ಮಾರ್ಕನ ಒಡೆಯನಿಗೆ ಈ ಎರಡು ಮಾತೂ ಇಲ್ಲ.